ಗೋಡೆಗೆ ಮದ್ದು ಹೊಡೆಯುವ ನನ್ನ ಮೈದುನ

ಮೊಮ್ಮಗಳು ಹುಟ್ಟಿದಳು! ಇವತ್ತು ಆಸ್ಪತ್ರೆಯಿಂದ ಮನೆಗೂ ಬಂದಳು! ಮೂಗು ಥೇಟ್ ನನ್ನದೇ, ಅಳು ಮಾತ್ರ ಎಸ್ಟೇಟಿನ ಸೈರನ್ನು. ಆದರೆ ಅವಳ ಸುದ್ದಿ ಹೇಳಬೇಕಾದರೆ ನನ್ನ ಮೈದುನನ ಸುದ್ದಿ ಹೇಳಬೇಕು. ಅವನದು ಹೇಳಬೇಕಾದರೆ ಗಂಡಸರ ಕಕ್ಕಸಿನ ಸುದ್ದಿ ಹೇಳಬೇಕು. ಮೂಗು ಮುಚ್ಚಿಕೊಂಡು ಕೇಳಿ.

ಕಕ್ಕಸಿನ ಮೇಲೆ ಇವನಷ್ಟು ಪ್ರೀತಿ ಇಟ್ಟ ಗಂಡಸು ಇಡೀ ಕೊಡಗಿನಲ್ಲಿಲ್ಲ! ಕಾಫಿ ಗಿಡಕ್ಕೆ ಕೊಳೆರೋಗ ಬರದಂತೆ ಮೈಲುತುತ್ತು-ಸುಣ್ಣದ ಮದ್ದು ಹೊಡೆಯುವುದು ಇವನ ಕೆಲಸ. ಮಿಕ್ಕ ಮದ್ದನ್ನು ಬೇರೆಯವರು ಚೆಲ್ಲುತ್ತಾರೆ. ಇವನು ಪಂಪು ಬೆನ್ನಿಗೇರಿಸಿ, ಕಾಫಿ ಕಣದ ಪಕ್ಕದ ಗಂಡಸರ ಕಕ್ಕಸಿಗೆ ನುಗ್ಗಿ, ಗೋಡೆಗೆಲ್ಲ ಹೊಡೆದು ನೀಲಿ ಮಾಡಿ ಬರುತ್ತಾನೆ.

"ಗೋಡೆಗೇನಪ್ಪಾ ರೋಗ?" ಅಂದರೆ, "ಕೊಳೆರೋಗವೇ ಅತ್ತಿಗೆ. ಗಿಡಕ್ಕಾದರೆ ಮಳೆಗಾಲದಲ್ಲಿ ಮಾತ್ರ, ಇಲ್ಲಿ ವರ್ಷವಿಡೀ ಹಬ್ಬುತ್ತೆ" ಅನ್ನುತ್ತಾನೆ.

ರೋಗ ಅಂದರೆ ತೋಟದ ಆಳುಗಳ ಗೋಡೆಬರಹ, ಇದ್ದಿಲಿನದು. ಮನೆಯಲ್ಲಿ ಹೆಂಡತಿ ಕೆಮ್ಮಿದರೆ ಬೆಚ್ಚುವವನು ಅಲ್ಲಿ ಹುಲಿ! ಒಬ್ಬ ತನ್ನ ತಾಕತ್ತು ಬರೆದರೆ, ಇನ್ನೊಬ್ಬ ಅದರ ಮೇಲೆ ಅವನ ಹೆಂಡತಿಯ ಹೆಸರು ಬರೆಯುತ್ತಾನೆ. ಇವರ ಗಂಡಸುತನಕ್ಕೆ ಆ ನಾತದ ಗೋಡೆ ಬಿಟ್ಟರೆ ಬೇರೆ ಸಾಕ್ಷಿಯೇ ಇಲ್ಲವೇ? ಮೈದುನ ಮದ್ದು ಹೊಡೆದಷ್ಟೂ ಅವರಿಗೆ ಖುಷಿ. ಹೊಸ ಸ್ಲೇಟು ಸಿಕ್ಕಂತಾಯಿತಲ್ಲ! "ಮದುವೆಯಾಗದವನಿಗೆ ಬೇರೆ ಕೆಲಸವೇನು" ಅಂತ ಆಡಿಕೊಳ್ಳುವುದು ಬೇರೆ.

ಆಮೇಲೆ ಆ ಗೋಡೆಗೆ ಅದೇ ತೋಟದಲ್ಲಿ ದುಡಿಯುವ ನನ್ನ ಮಗ ಸಿಕ್ಕ. ಮದುವೆಯಾಗಿ ಬಹಳ ವರ್ಷ ಮಕ್ಕಳಿರಲಿಲ್ಲ. ಹೆಸರು ಬರೆದು "ಗಂಡಸಲ್ಲ" ಅಂದರು. ಮೈದುನ ಅಳಿಸಿದ, ಅವರು ಮತ್ತೆ ಬರೆದರು. ಮಗ ಬುತ್ತಿಯನ್ನು ಗಿಡದ ಮರೆಯಲ್ಲಿ ಒಬ್ಬನೇ ತಿನ್ನತೊಡಗಿದ. ಮನೆಯಲ್ಲೂ ತಟ್ಟೆ ಹಿಡಿದು ಹಿತ್ತಲಿಗೆ ಹೋಗುವನು. ಒಂದು ತುಂಡು ಇದ್ದಿಲು ನನ್ನ ಮಗನನ್ನು ಪಂಕ್ತಿಯಿಂದಲೇ ಎಬ್ಬಿಸಿಬಿಟ್ಟಿತು.

ಇವತ್ತು ಮಧ್ಯಾಹ್ನ ಮೈದುನ ಓಡಿ ಬಂದ. "ಅತ್ತಿಗೆ, ಒಂದು ಗಳಿಗೆ ಬಂದು ಗೋಡೆ ನೋಡಿ."

"ಗಂಡಸರ ಕಕ್ಕಸಿಗೆ? ನಾನು?"

"ಯಾರೂ ಇಲ್ಲ. ಬಾಗಿಲಲ್ಲಿ ನಾನು ಕಾಯ್ತೀನಿ."

ಹೋದೆ! ಸೆರಗು ಮೂಗಿಗೆ ಒತ್ತಿ, ಅಕ್ಷರ ಅಕ್ಷರ ಕೂಡಿಸಿ ಓದಿದೆ. ಮಗನ ಹೆಸರಿನ ಪಕ್ಕ ಹೊಸದಾಗಿ: "ಇಷ್ಟು ವರ್ಷಕ್ಕೆ ಹೆಣ್ಣೇ!" ಅದರ ಕೆಳಗೆ ಮೈದುನನ ಸೊಟ್ಟ ಅಕ್ಷರ: "ಹೌದು, ಹೆಣ್ಣೇ. ಸಂಜೆ ನಮ್ಮನೆಗೆ ಊಟಕ್ಕೆ ಬನ್ನಿ."

"ಮದ್ದು ಹೊಡೀಲಿಲ್ವಾ?"

"ಇದಕ್ಕೆ ಬೇಡ ಅತ್ತಿಗೆ. ಇರ್ಲಿ."

ಸಂಜೆ ಗೋಡೆಯ ಹುಲಿಗಳು ಒಂದೂ ಬರಲಿಲ್ಲ. ಬಂದರೆ ಬರೆದವನು ತಾನೇ ಅಂತ ಒಪ್ಪಿಕೊಂಡ ಹಾಗಲ್ಲವೇ! ಊಟಕ್ಕೆ ನಾವು ಮನೆಯವರೇ. ಮುದ್ದೆ, ಕೋಳಿ ಸಾರು. ಸೊಸೆಯ ತೊಡೆಯ ಮೇಲೆ ಸೈರನ್ನು. ಬಡಿಸುತ್ತ ಮೈದುನನನ್ನು ಕೇಳಿದೆ, "ನನ್ನ ಮಗನ ಹೆಸರು ಬರೋಕೆ ಮುಂಚಿಂದಲೂ ಹೊಡೀತಿದ್ದೆಯಲ್ಲಪ್ಪಾ, ಯಾಕೆ?"

ಅವನು ಮುದ್ದೆ ಮುರಿಯುತ್ತ ಅಂದ, "ಮೊದಲು ನನ್ನ ಹೆಸರಿತ್ತು ಅತ್ತಿಗೆ. ಆಗ ಅಳಿಸೋರು ಯಾರೂ ಇರ್ಲಿಲ್ಲ."

ಹಿತ್ತಲ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ ಮಗ ಒಳಗೆ ಬಂದ. ಚಿಕ್ಕಪ್ಪನ ಪಕ್ಕಕ್ಕೆ ಮಣೆ ಎಳೆದುಕೊಂಡು ಕೂತ.

"ಅವ್ವಾ, ಚಿಕ್ಕಪ್ಪಂಗೆ ಇನ್ನೊಂದು ಸೌಟು ಸಾರು ಹಾಕು" ಅಂದ.