ಅಕ್ಕನ ರಾಗದ ಹಕ್ಕುದಾರರು ಮತ್ತು ಬಂಧುಮಿತ್ರರು

ಜೂನ್ ಆರು, ಶುಕ್ರವಾರ, ಬೆಳಿಗ್ಗೆ ಹತ್ತೂಕಾಲಿಗೆ ನಾನು ಅಕ್ಕನ ಭವಿಷ್ಯವನ್ನು ಕೈಗೆತ್ತಿಕೊಂಡೆ. ಹನ್ನೊಂದಕ್ಕೆ ಕೆಲಸ ಮುಗಿಯಿತು. ಭವಿಷ್ಯ ಮುಗಿಯಲು ಮಾತ್ರ ಸೋಮವಾರದವರೆಗೆ ಬೇಕಾಯಿತು.

ಅಕ್ಕ ಕುದ್ರೋಳಿಯ ನಮ್ಮ ಮನೆಯ ಒಳಕೋಣೆಯಲ್ಲಿ ಕೂತು ರಾಗ ಕಟ್ಟುವವಳು. ಅವಳ ಅರ್ಧ ನಿಮಿಷದ ರಾಗವೊಂದು ಐಸ್‌ಕ್ರೀಮ್ ಜಾಹೀರಾತಿಗೆ ಬೇಕೆಂದು ಒಂದು ಕಂಪೆನಿ ಕೇಳಿತ್ತು. ಇದು ಅವಳ ಮೊದಲ ಅವಕಾಶ. ಷರತ್ತು ಒಂದೇ: ರಾಗದ ಹೆಸರು, ಕಟ್ಟಿದವರು, ಹಕ್ಕುದಾರರು, ಫೋನ್ ನಂಬರು ಎಲ್ಲವನ್ನೂ ಆಡಿಯೋ ಫೈಲಿನೊಳಗೇ ಬರೆದಿರಬೇಕು. ಮೆಟಾಡೇಟಾ ಎಂದರೆ ಇದೇ. ಕಿವಿಗೆ ಕೇಳಿಸದು, ಆದರೆ ಫೈಲು ಹೋದಲ್ಲೆಲ್ಲ ಜೊತೆಗೇ ಹೋಗುತ್ತದೆ. ನನ್ನ ಅಚ್ಚುಕಟ್ಟುತನವನ್ನು ನಂಬಿ ಅಕ್ಕ ಕ್ಲಾಸಿಗೆ ಹೊರಟಳು.

'ಹಕ್ಕುದಾರರು' ಎಂಬಲ್ಲಿ ಅಕ್ಕನ ಹೆಸರು ಬರೆದೆ. ಬೋಳುಬೋಳಾಗಿ ಕಂಡಿತು. ಹಿಂದೆ ನಿಂತಿದ್ದ ದೊಡ್ಡಮ್ಮ ಮೆಲ್ಲಗೆ ಕೇಳಿದರು:

"ರೆಕಾರ್ಡ್ ಮಾಡುವಾಗ ಮಿಕ್ಸಿ ನಿಲ್ಲಿಸಿದ್ದು ಯಾರು?"

ನಮ್ಮ ಕುಟುಂಬದಲ್ಲಿ ಮದುವೆ ಕಾಗದದಲ್ಲಿ ಒಂದು ಹೆಸರು ಬಿಟ್ಟರೆ ಮೂರು ಮನೆಯವರು ಮಾತು ಬಿಡುತ್ತಾರೆ. ಹೋದ ವರ್ಷ ಒಂದೂ ದೂರಿಲ್ಲದೆ ಕಾಗದ ಅಚ್ಚು ಹಾಕಿಸಿದ ಕೀರ್ತಿ ನನ್ನದು. ಅದೇ ಕ್ರಮ ಹಿಡಿದೆ! ಮೊದಲು ಅಜ್ಜ, ತೀರಿಹೋಗಿದ್ದರೂ ಹಾರ್ಮೋನಿಯಂ ಅವರದ್ದು. ಬಳಿಕ ದೊಡ್ಡಮ್ಮ, ಅಮ್ಮ, ದುಬೈಯಿಂದ ಮೈಕ್ ತಂದ ಮಾವ, ಆಮೇಲೆ ಅಕ್ಕ. ಶ್ರಮಕ್ಕೆಂದು ನಾನು. ಯಾರೂ ಬಿಟ್ಟುಹೋಗಬಾರದೆಂದು ಕೊನೆಗೆ 'ಮತ್ತು ಬಂಧುಮಿತ್ರರು' ಎಂದು ಸೇರಿಸಿ ಫೈಲನ್ನು ಕಂಪೆನಿಗೆ ಕಳಿಸಿದೆ.

ಮಧ್ಯಾಹ್ನ ಮೂರಕ್ಕೆ ಕಂಪೆನಿಯ ಉತ್ತರ ಬಂತು. ಸೋಮವಾರದೊಳಗೆ ಆರೂ ಹಕ್ಕುದಾರರ ಸಹಿ ಬೇಕು. ಬಂಧುಮಿತ್ರರ ಪೂರ್ಣ ಪಟ್ಟಿಯೂ ಬೇಕು.

ಅಕ್ಕ ಅದನ್ನು ಎರಡು ಸಲ ಓದಿದಳು.

"ಅಜ್ಜನ ಸಹಿ ಎಲ್ಲಿಂದ ತರ್ತಿ ಮಾರಾಯ?"

"ಹಾರ್ಮೋನಿಯಂ ಅವರದ್ದೇ ಅಲ್ವಾ?" ಎಂದೆ.

ಬದುಕಿದ್ದವರೂ ಸುಲಭಕ್ಕೆ ಬಗ್ಗಲಿಲ್ಲ. ಸಹಿಗೆ ಮೊದಲು ರಾಗಕ್ಕೆ ಸ್ವಲ್ಪ ಚೆಂಡೆ ಸೇರಿಸಬೇಕೆಂದು ಮಾವ ದುಬೈಯಿಂದ ಸೂಚಿಸಿದರು. ದೊಡ್ಡಮ್ಮನದ್ದು ತತ್ವದ ಪ್ರಶ್ನೆ.

"ಐಸ್‌ಕ್ರೀಮಿಗಾ? ಮಕ್ಕಳಿಗೆ ಶೀತ ಆಗ್ತದೆ. ನನ್ನ ಒಪ್ಪಿಗೆ ಇಲ್ಲ."

ಶನಿವಾರ ಬೆಳಿಗ್ಗೆ ಅಕ್ಕನ ಹೆಸರೊಂದನ್ನು ಉಳಿಸಿ ಎಲ್ಲರನ್ನೂ ಅಳಿಸಿದೆ. ಫೈಲನ್ನು ಮತ್ತೆ ಕಳಿಸಿದೆ. ಎಷ್ಟು ಸುಲಭ! ಆಗ ಕಂಪೆನಿಗೆ ನಿಜವಾದ ಸಂಶಯ ಹುಟ್ಟಿತು. ನಿನ್ನೆ ಆರು ಮಂದಿ ಹಕ್ಕುದಾರರು, ಮೇಲೆ ಬಂಧುಮಿತ್ರರು; ಇವತ್ತು ಒಬ್ಬರೇ. ಉಳಿದವರು ಏನಾದರು? ಅಕ್ಕ ಫೋನಿನಲ್ಲಿ ಒಂದು ಗಂಟೆ ವಿವರಿಸಿದಳು. ವಿವರಿಸಿದಷ್ಟೂ ಅದು ಆಸ್ತಿ ಜಗಳದಂತೆಯೇ ಕೇಳಿಸಿತು. ಸೋಮವಾರ ಅವರು ಬೇರೆ ಯಾರದೋ ರಾಗ ತೆಗೆದುಕೊಂಡರು. ಅದಕ್ಕೆ ಹಕ್ಕುದಾರರು ಒಬ್ಬರೇ ಅಂತೆ. ಪಾಪ, ಅವರಿಗೆ ತಮ್ಮ ಇಲ್ಲದಿರಬೇಕು.

ಈಗ ಅಕ್ಕನ ಹೊಸ ರಾಗ ಸಿದ್ಧವಾಗಿದೆ. ಕಂಪ್ಯೂಟರಿಗೆ ಪಾಸ್‌ವರ್ಡ್ ಕೂಡ ಬಿದ್ದಿದೆ. ನನಗೆ ಕೊಟ್ಟಿರುವ ಕೆಲಸ ಒಂದೇ: ಈ ಸಲ ಅವರ ಹೆಸರು ಇರುವುದಿಲ್ಲ ಎಂದು ದೊಡ್ಡಮ್ಮನಿಗೆ ತಿಳಿಸುವುದು. ಫೈಲಿನಿಂದ ಹೆಸರು ತೆಗೆಯಲು ನಾನು ಕಲಿತಿದ್ದೇನೆ. ಅದನ್ನು ದೊಡ್ಡಮ್ಮನಿಗೆ ಹೇಳುವುದು ಹೇಗೆಂದು ಬಲ್ಲವರು ದಯವಿಟ್ಟು ಬರೆದು ತಿಳಿಸಬೇಕು.