ಡಾಕ್ಟರಮ್ಮನ ಗಂಡ ಚೀನೀ ವೈದ್ಯ ಕಲಿತದ್ದು

ಒಂದು ದೇಶದಲ್ಲಿ ವೈದ್ಯನಾಗಿದ್ದವನು ಇನ್ನೊಂದು ದೇಶಕ್ಕೆ ಬರೀ ಡಾಕ್ಟರಮ್ಮನ ಗಂಡನಾಗಿ ಬಂದಿಳಿದರೆ ನಗೆಪಾಟಲಿಗೆ ಬರವಿರುವುದಿಲ್ಲ. ಅಂಥ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ವಿಳಾಸ ಕೇಳಿಕೊಂಡು ಮನೆಗೆ ಬರುತ್ತವೆ.

ನಾನು ಮೈಸೂರಿನಲ್ಲಿ ಆಯುರ್ವೇದ ಓದಿ ಆರು ವರ್ಷ ಅಲ್ಲೇ ಚಿಕಿತ್ಸೆ ಮಾಡಿದವನು. ಹೆಂಡತಿ ಇಂಗ್ಲಿಷ್ ಔಷಧಿಯ ಡಾಕ್ಟರು. ಎಪ್ಪತ್ತರ ದಶಕದ ಮೊದಲಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ನಿನ ಒಂದು ಆಸ್ಪತ್ರೆ ಅವಳನ್ನು ಕರೆಯಿತು. ಅವಳ ಸಾಮಾನಿನ ಜೊತೆ ನಾನೂ ಬಂದೆ. ಅವಳ ಪದವಿಗೆ ಇಲ್ಲಿ ಮತ್ತೊಂದು ಪರೀಕ್ಷೆ ಬರೆಯಬೇಕಿತ್ತು. ನನ್ನ ಪದವಿಗೆ ಬರೆಯೋಣವೆಂದರೂ ಪರೀಕ್ಷೆಯೇ ಇರಲಿಲ್ಲ. ಒಂದು ಲ್ಯಾಬಿನಲ್ಲಿ ಗಾಜಿನ ಕೊಳವೆ ತೊಳೆಯುವ ಕೆಲಸ ಸಿಕ್ಕಿತು.

ಅಷ್ಟರಲ್ಲಿ ಅಮೆರಿಕದ ಅಧ್ಯಕ್ಷರು ಚೀನಾಕ್ಕೆ ಹೋಗಿ ಬಂದರು. ಊರಿಗೆ ಊರೇ ಚೀನೀ ಸೂಜಿಯ ಮಾತಾಡತೊಡಗಿತು. ಸೂಜಿ ಚುಚ್ಚಿದರೆ ನೋವು ಹೋಗುತ್ತದಂತೆ, ಬೇರು ಕುದಿಸಿ ಕುಡಿದರೆ ಕೆಮ್ಮು ಹೋಗುತ್ತದಂತೆ. ನಾನು ಆರು ವರ್ಷ ಬೇರು ಕುದಿಸಿದವನೇ ತಾನೆ? ಇದನ್ನು ಕಲಿತರೆ ಮತ್ತೆ ವೈದ್ಯನಾಗಬಹುದು ಅನ್ನಿಸಿತು. ನನಗೆ ಬೇಕಾಗಿದ್ದುದು ಹೆಚ್ಚೇನೂ ಅಲ್ಲ. ಒಬ್ಬನೇ ಒಬ್ಬ ರೋಗಿ, ನನ್ನನ್ನೇ ಕೇಳಿಕೊಂಡು, ನನ್ನ ಹತ್ತಿರವೇ ಬರಬೇಕು. ಆ ಆಸೆಗೆ ನಾಲ್ಕು ವರ್ಷ ಪಟ್ಟ ಪಾಡು ಇದು.

ಐದರಲ್ಲಿ ಎರಡು

ಡೌನ್‌ಟೌನಿನ ಪೂರ್ವಕ್ಕೆ ಚೀನೀಯರ ನಾಲ್ಕಾರು ಅಂಗಡಿಗಳಿದ್ದವು. ಅದರಲ್ಲೊಂದು ದಿನಸಿ ಅಂಗಡಿ. ಮುಂದೆ ಸೋಯಾ ಸಾಸು, ಶ್ಯಾವಿಗೆ, ಒಣಗಿದ ಮೀನು. ಹಿಂದಿನ ಕೋಣೆಯಲ್ಲಿ ಗೋಡೆಯುದ್ದಕ್ಕೂ ಮರದ ಡ್ರಾಯರುಗಳು. ಅಂಗಡಿಯ ಮುದುಕರು ಕ್ಯಾಂಟನ್ನಿನಲ್ಲಿ ದೊಡ್ಡ ವೈದ್ಯರಾಗಿದ್ದವರಂತೆ. ಇಲ್ಲಿ ಶ್ಯಾವಿಗೆ ಮಾರುತ್ತಿದ್ದರು. ಅದನ್ನು ಕೇಳಿದ ಕೂಡಲೇ, ಇವರೇ ನನ್ನ ಗುರುಗಳು ಎಂದು ತೀರ್ಮಾನಿಸಿದೆ.

ಅವರು ಮೊದಲ ದಿನ ಒಂದು ಡ್ರಾಯರು ಎಳೆದು ಮೂಸಲು ಹೇಳಿದರು. ನಾನು ಮೈಸೂರಿನಲ್ಲಿ ಕುದಿಸುತ್ತಿದ್ದ ಅತಿಮಧುರದ ಬೇರು! ಎರಡು ವರ್ಷದಿಂದ ಸಾಬೂನಿನ ವಾಸನೆ ಬಿಟ್ಟು ಬೇರೆ ಕಾಣದ ಮೂಗು. ನಿಜ ಹೇಳುತ್ತೇನೆ, ಅಳು ಬಂದುಬಿಟ್ಟಿತು. ಗುರುಗಳು ಡ್ರಾಯರು ಮುಚ್ಚಿ, "ಔಷಧಿ ನೆನೆಯುತ್ತೆ, ಆ ಕಡೆ ಹೋಗಿ ಅಳು" ಎಂದರು.

ಆಮೇಲೆ ಪಾಠ. ಅವರ ಶಾಸ್ತ್ರದಲ್ಲೂ ಐದು ಭೂತಗಳು: ಮರ, ಬೆಂಕಿ, ಮಣ್ಣು, ಲೋಹ, ನೀರು. ನಾನು ಸುಮ್ಮನಿರಬೇಕಿತ್ತು. ಕಾಲೇಜಿನಲ್ಲಿ ಪಂಚಭೂತಗಳ ಮೇಲೆ ಬಹುಮಾನ ಗಿಟ್ಟಿಸಿದ ಗರ್ವ ಎಲ್ಲಿ ಬಿಡುತ್ತದೆ?

"ಗುರುಗಳೇ, ಇದರಲ್ಲಿ ಗಾಳಿ ಎಲ್ಲಿ? ಆಕಾಶ ಎಲ್ಲಿ? ಎರಡು ಬಿಟ್ಟುಹೋಗಿದೆ."

ಅವರು ಕಿಟಕಿಯ ಆಚೆ ಕೈ ತೋರಿಸಿದರು. "ಟೆಕ್ಸಾಸಿನಲ್ಲಿ ಇರೋದೇ ಅವೆರಡು. ಔಷಧಿಗೂ ಅದನ್ನೇ ಹಾಕಬೇಕಾ?"

ಅರ್ಧ ಮನುಷ್ಯ

ನಮ್ಮ ಪದ್ಧತಿಯಲ್ಲಿ ಗಂಡಸರಿಗೆ ಬಲಗೈ ನಾಡಿ, ಹೆಂಗಸರಿಗೆ ಎಡಗೈ. ಚೀನೀಯರದು ಹಾಗಲ್ಲ. ಎರಡೂ ಕೈ ಹಿಡಿಯಬೇಕು. ಒಂದೊಂದು ಕೈಯಲ್ಲಿ ಮೂರು ಬೆರಳಿನ ಕೆಳಗೆ ಬೇರೆ ಬೇರೆ ಅಂಗಗಳು. ಬಲಗೈಯಲ್ಲಿ ಶ್ವಾಸಕೋಶ, ಹೊಟ್ಟೆಯ ಕಡೆಯವು. ಎಡಗೈಯಲ್ಲಿ ಹೃದಯ, ಯಕೃತ್ತು.

ಒಂದು ದಿನ ದನ ಸಾಕುವ ಒಬ್ಬ ಆಜಾನುಬಾಹು ಬಂದ. ದೊಡ್ಡ ಟೋಪಿ, ಅದಕ್ಕಿಂತ ದೊಡ್ಡ ಬೂಟು. ಗುರುಗಳು ಮುಂದಿನ ಕೋಣೆಯಲ್ಲಿ ಮೀನು ತೂಗುತ್ತಿದ್ದರು, "ನೀನೇ ನೋಡು" ಎಂದು ಕೂಗಿ ಹೇಳಿದರು. ನನಗೆ ಎದೆಯುಬ್ಬಿತು. ಆರು ವರ್ಷದ ಅಭ್ಯಾಸ, ಬಲಗೈ ಹಿಡಿದೆ, ಗಾಂಭೀರ್ಯದಿಂದ ಕಣ್ಣು ಮುಚ್ಚಿದೆ. "ಶ್ವಾಸಕೋಶ ಚೆನ್ನಾಗಿದೆ, ಹೊಟ್ಟೆ ಚೆನ್ನಾಗಿದೆ, ಹೋಗಿ ಬನ್ನಿ" ಎಂದು ಕಳಿಸಿದೆ.

ಗುರುಗಳು ಬಂದು, "ಹೃದಯ ಹೇಗಿತ್ತು?" ಎಂದು ಕೇಳಿದರು.

ನಾನು ಎಡಗೈ ಮುಟ್ಟಿಯೇ ಇರಲಿಲ್ಲ.

"ಅರ್ಧ ಮನುಷ್ಯನನ್ನು ನೋಡಿದ್ದೀಯ. ಇನ್ನರ್ಧ ತಾನಾಗಿ ಮನೆ ಸೇರುತ್ತೇನೋ?"

ಹೊರಗೆ ಓಡಿದೆ. ಆಸಾಮಿ ಪಿಕಪ್ ಟ್ರಕ್ ಸ್ಟಾರ್ಟ್ ಮಾಡಿ ರಸ್ತೆಯ ಅಂಚಿಗೆ ಬಂದಿದ್ದ. ಕಿಟಕಿಗೆ ಜೋತುಬಿದ್ದು, ಸ್ವಾಮೀ ಎಡಗೈ ಕೊಡಿ ಎಂದು ಬೇಡಿಕೊಂಡೆ. ಒಳ್ಳೆಯ ಮನುಷ್ಯ, ಕೈಯನ್ನು ಉದ್ದಕ್ಕೆ ಕಿಟಕಿಯಿಂದ ಆಚೆ ಚಾಚಿದ. ನಾನು ಹಿಡಿದು ಕಣ್ಣು ಮುಚ್ಚಿದೆ.

ಟೆಕ್ಸಾಸಿನಲ್ಲಿ ಡ್ರೈವ್ ಮಾಡುವವನು ಹಾಗೆ ಎಡಗೈ ಚಾಚಿದರೆ ಎಡಕ್ಕೆ ತಿರುಗುತ್ತೇನೆ ಎಂದು ಅರ್ಥ. ಹಿಂದಿನ ಕಾರಿನವನು ಈಗ ತಿರುಗುತ್ತಾನೆ, ಇನ್ನೇನು ತಿರುಗುತ್ತಾನೆ ಎಂದು ಕಾದ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಒಂದು ಬಸ್ಸು. ಕೊನೆಗೆ ತಾಳ್ಮೆಗೆಟ್ಟು ಮೂವರೂ ಒಟ್ಟಿಗೆ ಹಾರನ್ ಬಾರಿಸಿದರು. ನನ್ನ ಬೆರಳಿನ ಕೆಳಗೆ ನಾಡಿ ಧಡಧಡ ಕುಣಿಯಿತು.

ಒಳಗೆ ಓಡಿಬಂದು, "ಗುರುಗಳೇ, ಹೃದಯ ತೀರಾ ಕೆಟ್ಟಿದೆ!" ಎಂದೆ.

ಗುರುಗಳು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬೆವರಿಳಿಯುತ್ತಿತ್ತು, ಏದುಸಿರು ಬಿಡುತ್ತಿದ್ದೆ. "ಯಾರದು?" ಎಂದು ಕೇಳಿದರು.

ಶುದ್ಧ ಸಸ್ಯಾಹಾರ

ಹ್ಯೂಸ್ಟನ್ನಿನ ಪಕ್ಕದ ಕ್ಲಿಯರ್ ಲೇಕ್‌ನಲ್ಲಿ ನಮ್ಮ ಕಡೆಯ ಎಂಜಿನಿಯರೊಬ್ಬರಿದ್ದರು. ರಾಕೆಟ್ಟಿನ ಕೆಲಸ. ಮನೆಯಲ್ಲಿ ಮಡಿ ಎಂದರೆ ಮಡಿ. ಬ್ರೆಡ್ಡಿಗೂ ಮೊಟ್ಟೆ ಹಾಕಿರುತ್ತಾರೆಂದು ಅದರ ಕಾಗದವನ್ನು ಭೂತಗನ್ನಡಿ ಹಿಡಿದು ಓದುವವರು. ಅವರಿಗೆ ಮೈಯೆಲ್ಲ ತುರಿಕೆ. ಎಲ್ಲ ಮುಲಾಮು ಮುಗಿದ ಮೇಲೆ, ಯಾರಿಗೂ ಹೇಳಬಾರದೆಂಬ ಕರಾರಿನ ಮೇಲೆ ನನ್ನ ಹತ್ತಿರ ಬಂದರು.

ಗುರುಗಳು ಪೊಟ್ಟಣ ಕಟ್ಟಿಕೊಟ್ಟರು. ನಾನು ಕುದಿಸುವ ಕ್ರಮ ಹೇಳಿಕೊಟ್ಟೆ. ಎರಡು ವಾರಕ್ಕೆ ತುರಿಕೆ ಮಾಯ. ನನಗೆ ಆನಂದವೋ ಆನಂದ. ಆ ಆನಂದದಲ್ಲೇ ಬಾಯಿ ಜಾರಿತು. ಅವರು ಫೋನಿನಲ್ಲಿ, "ಅದರಲ್ಲಿ ತೆಳ್ಳಗೆ ಹೊಟ್ಟಿನ ಹಾಗೆ ಇತ್ತಲ್ಲ, ಯಾವ ಮರದ ತೊಗಟೆ?" ಎಂದು ಕೇಳಿದರು. "ಮರದ್ದಲ್ಲ ಸಾರ್, ಮರದ ಮೇಲೆ ಕೂತು ಕಿರ್ರೆನ್ನುತ್ತಲ್ಲ, ಆ ಜೀರುಂಡೆಯ ಪೊರೆ" ಎಂದುಬಿಟ್ಟೆ.

ಅವರು ಅಲ್ಲೇ ಅದನ್ನು ಹೆಂಡತಿಗೆ ಹೇಳಿದರು. ಮರುಕ್ಷಣ ಆಕೆ ಪಾತ್ರೆಗಳನ್ನೆಲ್ಲ ಕಸದ ಡಬ್ಬಿಗೆ ಎಸೆಯುವ ಸದ್ದು ಕೇಳಿಸಿತು. ಇನ್ನು ಈ ಮನೆಯ ಋಣ ಹರಿಯಿತು ಅಂದುಕೊಂಡೆ.

ಮೂರನೆಯ ದಿನ ಅವರೇ ಫೋನ್ ಮಾಡಿದರು. ರಾಕೆಟ್ಟಿನ ಲೆಕ್ಕ ಹಾಕುವ ದನಿ. "ನೋಡಿ, ಜೀರುಂಡೆ ಪೊರೆ ಬಿಟ್ಟು ಹಾರಿಹೋಗುತ್ತೆ. ಸಾಯೋದಿಲ್ಲ. ಸರಿ ತಾನೆ?"

"ಸರಿ ಸಾರ್."

"ಅಂದಮೇಲೆ ಇದು ಹಾಲಿನ ಹಾಗೆ. ಹಸುವಿಗೇನೂ ಆಗಲ್ಲ, ನಮಗೆ ಹಾಲು ಸಿಗುತ್ತೆ. ಇನ್ನೆರಡು ಪೊಟ್ಟಣ ಕಳಿಸಿ. ಮತ್ತೆ, ಯಾರಾದರೂ ಕೇಳಿದರೆ ಗುಣ ಮಾಡಿದ್ದು ನಿಮ್ಮ ಮನೆಯವರು ಅಂತ ಹೇಳಿರ್ತೀನಿ. ನಿಮ್ಮ ಹೆಸರು ಹೇಳಿದರೆ ಜನ ಏನಂದುಕೊಳ್ತಾರೆ?"

ಡಾಲಸ್‌ನ ನಾಲಿಗೆಗಳು

ಚೀನೀ ವೈದ್ಯದಲ್ಲಿ ನಾಲಿಗೆ ನೋಡುವುದು ದೊಡ್ಡ ವಿದ್ಯೆ. ಅದರ ಬಣ್ಣ ಹೇಳುತ್ತೆ, ಅಂಚು ಹೇಳುತ್ತೆ, ಮೇಲಿನ ಲೇಪ ಹೇಳುತ್ತೆ. ಮೂರನೆಯ ವರ್ಷಕ್ಕೆ ನನಗೆ ಅದು ಕೈಹತ್ತಿತ್ತು. ಆ ಯುಗಾದಿಗೆ ಡಾಲಸ್‌ನ ಕನ್ನಡದವರು ಒಂದು ಹಾಲ್ ಹಿಡಿದು ಊಟ ಇಟ್ಟುಕೊಂಡಿದ್ದರು. ಒಬ್ಬೊಬ್ಬರು ಒಂದೊಂದು ಅಡುಗೆ. ನಾವೂ ಹ್ಯೂಸ್ಟನ್ನಿನಿಂದ ಪಾತ್ರೆ ಹಿಡಿದು ಹೋಗಿದ್ದೆವು.

ಊಟವಾದ ಮೇಲೆ ಹುಬ್ಬಳ್ಳಿ ಕಡೆಯ ಒಬ್ಬ ಆಂಟಿ, "ನೀವು ಚೀನಾದ ವಿದ್ಯಾ ಕಲ್ತೀರಂತ ಹೌದೇನ್ರಿ? ನಂದೊಂದ್ ನಾಲಿಗಿ ನೋಡ್ರಿ" ಎಂದು ಚಾಚಿದರು. ಕಡುಗೆಂಪು! ಹೃದಯದಲ್ಲಿ ಬೆಂಕಿ ಎದ್ದಿದೆ ಎಂದೆ. ಅವರ ಗಂಡನದು ನೋಡಿದೆ, ಅದೂ ಕಡುಗೆಂಪು. ಸುದ್ದಿ ಹಬ್ಬಿತು. ಸಾಲು ನಿಂತಿತು. ಏಳು ಜನ, ಏಳೂ ಕಡುಗೆಂಪು. ನನ್ನ ಜೀವಮಾನದಲ್ಲಿ ಅಂಥ ಸಾಲು ನನ್ನ ಮುಂದೆ ನಿಂತದ್ದೇ ಇಲ್ಲ. ಉಪ್ಪಿನಕಾಯಿ ಬಿಡಿ, ಕಾಫಿ ಬಿಡಿ, ಸಿಟ್ಟು ಬಿಡಿ ಎಂದು ಅಪ್ಪಣೆ ಮೇಲೆ ಅಪ್ಪಣೆ. ಒಬ್ಬರು ಆಗಲೇ ಎದೆ ಹಿಡಿದುಕೊಂಡು ಕುರ್ಚಿ ಹುಡುಕುತ್ತಿದ್ದರು.

ಆಂಟಿಗೆ ಮಾತ್ರ ಸಮಾಧಾನವಿಲ್ಲ. "ಎಲ್ಲಾ ಛಲೋ ಹೇಳಿದ್ರಿ. ಆದ್ರೂ ಡಾಕ್ಟರ್ ಬಾಯಾರ್ನ ಒಂದ್ ಮಾತ್ ಕೇಳೂಣು" ಎಂದು ನನ್ನ ಹೆಂಡತಿಯನ್ನು ಕರೆತಂದರು. ಅವಳು ಒಂದು ನಾಲಿಗೆ ನೋಡಿದಳು, ನನ್ನ ಮುಖ ನೋಡಿದಳು, ಕೈಯಲ್ಲಿದ್ದ ಖಾಲಿ ಪಾತ್ರೆ ತೋರಿಸಿದಳು.

"ಬೀಟ್‌ರೂಟ್ ಪಲ್ಯ ಕಣ್ರೀ. ನಾನೇ ಮಾಡ್ಕೊಂಡು ಬಂದಿದ್ದು."

ಎದೆ ಹಿಡಿದುಕೊಂಡಿದ್ದವರು ಕೈ ಬಿಟ್ಟರು. ಆಂಟಿ ಸುತ್ತಲಿನವರಿಗೆಲ್ಲ ಕೇಳುವ ಹಾಗೆ ಹೇಳಿದರು: "ನೋಡ್ರಿ, ಖರೇ ಡಾಕ್ಟರ್ ಅಂದ್ರ ಹಿಂಗಿರಬೇಕು. ಒಂದ ಮಾತಿನ್ಯಾಗ ಏಳ ಮಂದೀನ ಉಳಿಸಿದ್ರು!"

ಆಸ್ಟಿನ್ನಿನ ಕತ್ತು

ನಾಲ್ಕು ವರ್ಷವಾಯಿತು. ಗುರುಗಳು ಚೀನೀ ಕುಂಚದಲ್ಲಿ ಒಂದು ಪತ್ರ ಬರೆದು ಕೆಂಪು ಮುದ್ರೆ ಒತ್ತಿ, ಇನ್ನು ನೀನು ವೈದ್ಯ ಎಂದರು. ಆ ಪತ್ರ, ಮೈಸೂರಿನ ಪದವಿ, ಎರಡನ್ನೂ ಇಸ್ತ್ರಿ ಮಾಡಿದ ಅಂಗಿಯ ಹಾಗೆ ಜೋಪಾನವಾಗಿ ಹಿಡಿದು ಟೆಕ್ಸಾಸಿನ ರಾಜಧಾನಿ ಆಸ್ಟಿನ್ನಿಗೆ ಹೋದೆ. ಅಲ್ಲಿನ ಒಂದು ಸರ್ಕಾರಿ ಕಚೇರಿಯಲ್ಲಿ ಸೂಜಿ ಹಾಕಲು ಅಪ್ಪಣೆ ಕೇಳಬೇಕಿತ್ತು.

ಅಧಿಕಾರಿ ಕತ್ತು ಅಲುಗಿಸದೆ ಕೂತಿದ್ದ. ಪಕ್ಕಕ್ಕೆ ನೋಡಬೇಕಾದರೆ ಕುರ್ಚಿಸಮೇತ ತಿರುಗುತ್ತಿದ್ದ. ಕಾಗದಗಳನ್ನು ತಲೆಕೆಳಗಾಗಿ ಹಿಡಿದು ನೋಡಿದ.

"ಸೂಜಿ ಹಾಕುವುದು ಎಂ.ಡಿ. ಆದವರು ಮಾತ್ರ. ನಿಮ್ಮ ಕಡೆ ಯಾರಾದರೂ ಇದ್ದಾರಾ?"

"ನನ್ನ ಹೆಂಡತಿ ಇದ್ದಾಳೆ. ಆದರೆ ಅವಳು ಈ ಸೂಜಿ ಕಣ್ಣಲ್ಲೂ ನೋಡಿಲ್ಲ."

"ಪರವಾಗಿಲ್ಲ, ಅವರು ಹಾಕಬಹುದು."

"ನಾನು ನಾಲ್ಕು ವರ್ಷ ಕಲಿತಿದ್ದೇನೆ."

"ಅದಕ್ಕೇ ನೀವು ಹಾಕುವ ಹಾಗಿಲ್ಲ."

ನನಗೆ ಮೈಯುರಿದುಹೋಯಿತು. ಎದ್ದು ಹೊರಟೆ. ಆತ ಬಾಗಿಲು ಮುಚ್ಚಿಸಿ ಮೆಲ್ಲಗೆ, "ಹತ್ತು ದಿನದಿಂದ ಹೀಗೇ ಇದೆ. ಸೂಜಿ ಬೇಡ, ಸುಮ್ಮನೆ ಒಂದು ಸಲ..." ಎಂದು ಕತ್ತು ಮುಟ್ಟಿಕೊಂಡ. ನಾನೆಂಥ ಮೂರ್ಖ ನೋಡಿ, ನೋವು ಎಂದ ಕೂಡಲೇ ಸಿಟ್ಟು ಮರೆತೆ. ಕೈಯ ಹಿಂಬದಿಯಲ್ಲಿ ಒಂದು ಜಾಗ, ಭುಜದ ಮೇಲೆ ಒಂದು ಜಾಗ, ಹೆಬ್ಬೆರಳಿನಿಂದ ಹದವಾಗಿ ಒತ್ತಿದೆ. ಹತ್ತು ನಿಮಿಷಕ್ಕೆ ಕತ್ತು ಬಿಟ್ಟುಕೊಂಡಿತು. ಆತನ ಕಣ್ಣಲ್ಲಿ ನೀರು.

"ಈಗಲಾದರೂ ಅಪ್ಪಣೆ ಕೊಡುತ್ತೀರಾ?"

ಆತ ಕತ್ತನ್ನು ಎಡಕ್ಕೂ ಬಲಕ್ಕೂ ಸಲೀಸಾಗಿ ಆಡಿಸಿ, "ಇಲ್ಲ" ಎಂದ.

ಪತ್ರಿಕೆಯಲ್ಲಿ ಬಂದ ಚಿತ್ರ

ಆಮೇಲೆ ನನ್ನ ಹೆಂಡತಿಯ ಆಸ್ಪತ್ರೆಯವರೇ ಚೀನೀ ಸೂಜಿಯ ವಿಭಾಗ ತೆರೆದರು. ಅವಳನ್ನು ಮೂರು ದಿನದ ಕೋರ್ಸಿಗೆ ಕಳಿಸಿ, ಮುಖ್ಯಸ್ಥೆ ಮಾಡಿದರು. ಅವಳು ಮನೆಗೆ ಬಂದು ಅತ್ತಳು. "ರೀ, ನನಗೆ ಇದೇನೂ ಬರಲ್ಲ. ನೀವು ಬರದಿದ್ದರೆ ನಾನೂ ಒಲ್ಲೆ ಅಂತ ಹೇಳಿದ್ದೀನಿ" ಎಂದಳು. ಹಾಗೆ ನಾನು ಅವಳ ಸಹಾಯಕನಾದೆ. ಹತ್ತಿ ಹಿಡಿದು ನಿಲ್ಲುವ ಕೆಲಸ.

ನಾಡಿ ನಾನು ನೋಡುತ್ತಿದ್ದೆ, ಸೂಜಿ ಅವಳು ಹಾಕುತ್ತಿದ್ದಳು. "ಮೊಣಕಾಲಿನ ಕೆಳಗೆ ನಾಲ್ಕು ಬೆರಳು. ಇನ್ನೊಂಚೂರು ಆಚೆ. ಹಾಂ, ಅಲ್ಲೇ" ಎಂದು ಕನ್ನಡದಲ್ಲೇ ಹೇಳುತ್ತಿದ್ದೆ, ರೋಗಿಗೆ ಗಾಬರಿಯಾಗಬಾರದಲ್ಲ! ಡಾಕ್ಟರಮ್ಮ ಸೂಜಿ ಹಾಕುವಾಗ ಅವರ ಮನುಷ್ಯ ಚೀನೀ ಮಂತ್ರ ಹೇಳುತ್ತಾನೆ ಎಂದು ಹ್ಯೂಸ್ಟನ್ ತುಂಬ ಹೆಸರಾಯಿತು.

ಒಂದು ದಿನ ಪತ್ರಿಕೆಯವರು ಬಂದರು. ಕ್ಯಾಮೆರಾ ನೋಡಿ ಆ ಹೊತ್ತಿನ ರೋಗಿ ಚಪ್ಪಲಿ ಬಿಟ್ಟು ಓಡಿಹೋದ. ಚಿತ್ರಕ್ಕೆ ಯಾರಾದರೂ ಬೇಕಲ್ಲ? ನರ್ಸು ನನ್ನ ಅಂಗಿ ಬಿಚ್ಚಿಸಿ ಮಂಚದ ಮೇಲೆ ಬೋರಲು ಮಲಗಿಸಿದಳು.

"ರೀ, ಎಲ್ಲಿ ಹಾಕಲಿ?" ಹೆಂಡತಿ ಸೂಜಿ ಹಿಡಿದು ಕನ್ನಡದಲ್ಲಿ ಕೇಳಿದಳು.

ನನ್ನ ಬೆನ್ನು ನನಗೆ ಕಾಣಬೇಕಲ್ಲ! "ಮೇಲೆ... ಅಷ್ಟು ಮೇಲಲ್ಲ... ಎಡಕ್ಕೆ... ಅಯ್ಯೋ, ಅಲ್ಲಲ್ಲ ಮಾರಾಯ್ತಿ! ತೆಗಿ, ತೆಗಿ!"

ಪತ್ರಿಕೆಯವನು, "ಏನು ಹೇಳುತ್ತಿದ್ದಾರೆ?" ಎಂದು ಕೇಳಿದ. "ಚೀನೀ ಭಾಷೆಯಲ್ಲಿ ಡಾಕ್ಟರಿಗೆ ಧನ್ಯವಾದ ಹೇಳ್ತಿದ್ದಾರೆ" ಎಂದಳು ನರ್ಸು.

ಭಾನುವಾರ ಚಿತ್ರ ಬಂತು. ಸೂಜಿ ಹಿಡಿದ ನನ್ನ ಹೆಂಡತಿ, ಕೆಳಗೆ ಹಲ್ಲು ಕಚ್ಚಿಕೊಂಡ ನಾನು. ಅವಳ ಹೆಸರು ದೊಡ್ಡದಾಗಿ ಇತ್ತು. ನನ್ನ ಹೆಸರು ಇರಲಿಲ್ಲ. "ಅನೇಕ ವರ್ಷಗಳಿಂದ ನರಳುತ್ತಿದ್ದ ರೋಗಿ, ಈಗ ಸಂಪೂರ್ಣ ಗುಣ" ಎಂದು ಬರೆದಿದ್ದರು.

ಮಾರನೆಯ ದಿನ ಆಸ್ಟಿನ್ನಿನಿಂದ ಫೋನು ಬಂತು. ಅಲ್ಲಿ ಓದುತ್ತಿದ್ದ ಕನ್ನಡದ ವಿದ್ಯಾರ್ಥಿ, ಗುರುತಿಲ್ಲದವನು. ಅವನಿಗೆ ಬೆನ್ನುನೋವಂತೆ. ಯಾರೋ ನಂಬರು ಕೊಟ್ಟಿದ್ದರಂತೆ. ಹೆಂಡತಿ ಫೋನು ಎತ್ತಿ, "ಡಾಕ್ಟರು ನಾನೇ, ಹೇಳಿ" ಎಂದಳು. ಒಂದು ಕ್ಷಣ ಕೇಳಿಸಿಕೊಂಡು, ನನ್ನತ್ತ ನೋಡಿ ಫೋನು ಚಾಚಿದಳು.

"ನನ್ನ ಹತ್ತಿರ ಮಾತಾಡಲ್ಲವಂತೆ. ನಿಮ್ಮನ್ನೇ ಕೇಳ್ತಿದ್ದಾನೆ."

ಕೈ ಒರೆಸಿಕೊಂಡು ಫೋನು ಹಿಡಿದೆ. ಗಂಟಲು ಸರಿಮಾಡಿಕೊಂಡು, "ಹೇಳಪ್ಪಾ" ಎಂದೆ.

"ಸಾರ್, ಪೇಪರಿನಲ್ಲಿ ಫೋಟೋ ನೋಡಿದೆ. ಅದರಲ್ಲಿ ಮಲಗಿರೋರು ನೀವೇ, ಕನ್ನಡದವರು ಅಂತ ನಂಬರು ಕೊಟ್ಟೋರು ಹೇಳಿದ್ರು. ಡಾಕ್ಟರು ಅವರ ಔಷಧಿನ ಅವರೇ ಹೊಗಳ್ಕೋತಾರೆ, ಅದಕ್ಕೇ ರೋಗಿಯನ್ನೇ ಕೇಳೋಣ ಅಂತ. ನಿಮಗೆ ಏನು ಕಾಯಿಲೆ ಇತ್ತು ಸಾರ್? ನಿಜವಾಗ್ಲೂ ಗುಣ ಆಯ್ತಾ?"

ಹೆಂಡತಿ ಎದುರಿಗೇ ನಿಂತಿದ್ದಳು. ನಿಜವನ್ನೇ ಹೇಳಿದೆ.

"ವೈದ್ಯನಾಗಬೇಕು ಅನ್ನೋ ಕಾಯಿಲೆ ಇತ್ತಪ್ಪಾ. ಈಗ ಪೂರ್ತಿ ವಾಸಿಯಾಗಿದೆ."