ತೂಬಿನ ಮಾವ ಮತ್ತು ಎಂಟು ಗಂಟೆಯ ಮಾತ್ರೆ

ನಮ್ಮ ಸೋದರಮಾವನ ಪ್ರಕಾರ ಲೋಕದಲ್ಲಿ ಇರುವುದು ಎರಡೇ: ನಾಲೆ, ಮತ್ತು ನಾಲೆಯಂತಿರುವುದು. ನನ್ನ ಮಿದುಳು ಎರಡನೆಯ ಪಟ್ಟಿಯಲ್ಲಿತ್ತು!

ಮಾವ ತಿ. ನರಸೀಪುರದ ಕಡೆ ನೀರುಗಂಟಿ. ತೂಬು ಎತ್ತಿ ಗದ್ದೆಗೆ ನೀರು ಬಿಡುವುದು, ಇಳಿಸಿ ನಿಲ್ಲಿಸುವುದು ಅವನ ಕೆಲಸ. ತೊಂಬತ್ತರ ದಶಕದಲ್ಲಿ, ಎಂಟನೇ ತರಗತಿಯಲ್ಲಿದ್ದ ನನಗೆ ಮೂರ್ಛೆ ಬರತೊಡಗಿದಾಗ ನಂಜನಗೂಡಿನ ಡಾಕ್ಟರ ಬಳಿ ಕರೆದೊಯ್ದವನು ಅವನೇ. ಡಾಕ್ಟರು ವಿವರಿಸಿದರು: ಮಿದುಳಿನ ಜೀವಕೋಶಗಳಿಗೆ ಪುಟ್ಟ ಬಾಗಿಲುಗಳಿವೆ. ಅಲ್ಲಿಂದ ಸೋಡಿಯಂ ನುಗ್ಗಿದರೆ ವಿದ್ಯುತ್ತು ಹರಿಯುತ್ತದೆ. ಫೆನಿಟಾಯಿನ್ ಜಾತಿಯ ಮಾತ್ರೆ ಆ ಬಾಗಿಲು ಪದೇ ಪದೇ ತೆರೆಯದಂತೆ ತಡೆಯುತ್ತದೆ. ಫಿನೋಬಾರ್ಬಿಟೋನ್ ಜಾತಿಯದು ಮಿದುಳಿನ ಸ್ವಂತ ಬ್ರೇಕಿಗೆ ಬಲ ಕೊಡುತ್ತದೆ.

"ಅಂಗಂದ್ರೆ ಒಂದು ತೂಬು ಇಳ್ಸೋದು, ಇನ್ನೊಂದು ಏರಿ ಗಟ್ಟಿ ಮಾಡೋದು. ಅಲ್ವಾ ಸಾ?" ಎಂದ ಮಾವ.

"ಸರಿಯಾಗಿ ಹೇಳಿದ್ರಿ ಕಣ್ರೀ! ಇವಳಿಗೆ ತೂಬು ಇಳಿಸಿದ್ರೆ ಸಾಕು."

ಆ ಹೊಗಳಿಕೆಯೇ ಎಡವಟ್ಟಾಯಿತು. ಆರು ತಿಂಗಳು ನನಗೆ ಮೂರ್ಛೆ ಬರಲಿಲ್ಲ. "ತೂಬು ಇಳ್ದದೆ. ಇನ್ಯಾಕೆ ದಿನಾ ಅದ್ರ ಮ್ಯಾಲೆ ಕೂತ್ಕಳದು?" ಎಂದು ಮಾವ ಮಾತ್ರೆ ನಿಲ್ಲಿಸಿಬಿಟ್ಟ. ನಾಲ್ಕನೆಯ ದಿನ ಅವನೊಂದಿಗೆ ಹೊರಟಿದ್ದ ಬನ್ನೂರು ಬಸ್ಸಿನಲ್ಲೇ ಬಿದ್ದೆ. ಕಣ್ಣು ಬಿಟ್ಟಾಗ ನನ್ನ ಕೈಯಲ್ಲಿ ತೂಬಿನ ಕಬ್ಬಿಣದ ಕೀಲಿ, ಮೊಳದುದ್ದದ್ದು! ಮೂರ್ಛೆ ಬಂದವರಿಗೆ ಕಬ್ಬಿಣ ಹಿಡಿಸುವುದು ನಮ್ಮ ಕಡೆಯ ವೈದ್ಯವಲ್ಲವೇ? ಕೀಲಿಯ ಸಮೇತ ನನ್ನ ಕೈಯನ್ನು ಮಾವ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದ.

ಡಾಕ್ಟರು ಚೆನ್ನಾಗಿ ಬೈದರು: "ಕಬ್ಬಿಣ ಬೇಡ, ಪಕ್ಕಕ್ಕೆ ಮಲಗಿಸಿ. ಇವತ್ತಿನ ಮಾತ್ರೆ ಇವತ್ತಿಗೆ ಮಾತ್ರ. ಬಿಟ್ರೆ ತೂಬು ತಾನೇ ಮೇಲೇಳುತ್ತೆ."

ಅಲ್ಲಿಂದ ಶುರುವಾಯಿತು ನೋಡಿ! ದಿನಾ ಬೆಳಿಗ್ಗೆ ಎಂಟಕ್ಕೆ ಮಾವನ ಸೈಕಲ್ಲು, ಒಂದು ಕೈಯಲ್ಲಿ ಮಾತ್ರೆ, ಇನ್ನೊಂದರಲ್ಲಿ ನೀರಿನ ಲೋಟ. ನುಂಗಿದ ಮೇಲೆ ಬಾಯಿ ತೆರೆದು ತೋರಿಸಬೇಕು, ನಾಲಿಗೆ ಎತ್ತಬೇಕು! ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನ ನಾಲೆಯ ಏರಿ ಒಡೆದು ಅವನಿಗೆ ಎಂಟಕ್ಕೆ ಬರಲಾಗಲಿಲ್ಲ, ಗಡಿಬಿಡಿಯಲ್ಲಿ ನಾನೂ ಮರೆತೆ. ಉತ್ತರ ಬರೆಯುತ್ತಿದ್ದಾಗ ಕಿಟಕಿಯಿಂದ ಕೆಸರು ಮೆತ್ತಿದ ಕೈಯೊಂದು ಒಳಬಂತು, ಬೆರಳಲ್ಲಿ ಕಾಗದದ ಪೊಟ್ಟಣ. ಮೇಷ್ಟರು ಹಾರಿ ಹಿಡಿದರು.

"ಕಾಪಿ ಅಲ್ಲ ಕಣ್ಸಾ, ಮಾತ್ರೆ! ಮೊದ್ಲು ಅವ್ಳಿಗೆ ನುಂಗ್ಸಿ, ಆಮ್ಯಾಲೆ ನನ್ನ ಪೊಲೀಸ್ನೋರ್ಗೆ ಕೊಡಿ!"

ಇಡೀ ಕೊಠಡಿ ನಕ್ಕಿತು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

ಬಸ್ಸಿನಲ್ಲಿ ಬಿದ್ದ ಮೇಲೆ ಮೂರು ವರ್ಷ ಒಮ್ಮೆಯೂ ಮೂರ್ಛೆ ಬರಲಿಲ್ಲ. ಡಾಕ್ಟರೇ ಮಾತ್ರೆಯನ್ನು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ ನಿಲ್ಲಿಸಿದರು. ಮಾತ್ರೆಯಿಲ್ಲದ ಮೊದಲ ಬೆಳಿಗ್ಗೆ, ಸರಿಯಾಗಿ ಎಂಟಕ್ಕೆ, ಸೈಕಲ್ ಬಂತು.

"ಮಾತ್ರೆ ಮುಗೀತಲ್ಲ ಮಾವ?"

"ಗೊತ್ತು ಕಣ್ ಕೂಸೇ," ಎಂದು ಲೋಟ ಚಾಚಿದ. "ನೀರಾದ್ರೂ ಕುಡಿ."

ಕುಡಿದೆ. ಬಾಯಿ ತೆರೆದು ತೋರಿಸಿದೆ. ಬಸ್ಸಿನಲ್ಲಿ ನನ್ನ ಕೈ ಹಿಡಿದವನು ಅವನು. ಈ ಸಲ ಅವನ ಕೈಯನ್ನು ನಾನು ಹಿಡಿದುಕೊಂಡೆ.